ಮರಳಿ ಬಾರದ ಸಾಕ್ಷಿಗಳ ಊರು

ಪೊಲೀಸ್ ಠಾಣೆಯ ಹೊರಕೋಣೆಯಲ್ಲಿ ಭಾವ ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು ನೆಲ ನೋಡುತ್ತ ಕೂತಿದ್ದರು. 2019ರ ಜುಲೈ ತಿಂಗಳು. ಊರು ಸ್ಪೇನಿನ ಬಾರ್ಸೆಲೋನಾ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು ಅವರು. ಮನೆಯ ಹಾಲಿನ ಲೆಕ್ಕದಲ್ಲೂ ಒಂದು ರೂಪಾಯಿ ಆಚೀಚೆ ಆಗಲು ಬಿಟ್ಟವರಲ್ಲ. ಅವರ ಪ್ಯಾಂಟಿನ ಮುಂದಿನ ಜೇಬಿನ ಪರ್ಸು, ಹೆಗಲಿಗೆ ಅಡ್ಡ ಹಾಕಿಕೊಂಡಿದ್ದ ಪುಟ್ಟ ಚೀಲದೊಳಗಿನ ಅವರ ಮತ್ತು ಅಕ್ಕನ ಪಾಸ್‌ಪೋರ್ಟು, ಎಲ್ಲ ಒಂದೇ ಸಲಕ್ಕೆ ಹೋಗಿದ್ದವು. "ಊರಲ್ಲಿ ಯಾರಿಗೂ ಹೇಳೋದು ಬೇಡ, ಗೊತ್ತಾದ್ರೆ ನಗ್ತಾರೆ" ಎಂದು ಅಕ್ಕನಿಗೆ ಮೆಲ್ಲಗೆ ಹೇಳಿದರು. ಪಾಸ್‌ಪೋರ್ಟ್ ಹೋದದ್ದಕ್ಕಿಂತ ಆ ಮಾತೇ ನನ್ನನ್ನು ಹೆಚ್ಚು ಚುಚ್ಚಿತು.

ನಮ್ಮ ಪಕ್ಕದಲ್ಲಿ ಅಳುತ್ತ ಕೂತಿದ್ದ ಕೊರಿಯಾದ ಇಬ್ಬರು ವಿದ್ಯಾರ್ಥಿನಿಯರು. ಅವರಾಚೆ ವಯಸ್ಸಾದ ಫ್ರೆಂಚ್ ದಂಪತಿ. ಕೈಚೀಲವನ್ನು ಎದೆಗವಚಿಕೊಂಡು ಮೂಲೆಯಲ್ಲಿ ಕೂತಿದ್ದ ಹೆಂಗಸೊಬ್ಬರು ಮಾತ್ರ ಆ ಊರಿನವರೇ. ಅರೆಬರೆ ಇಂಗ್ಲಿಷಿನಲ್ಲಿ ಮಾತಿಗಿಳಿದರು. ಆ ವರ್ಷ ಅವರ ಮೊಬೈಲ್ ಹೋಗಿದ್ದು ಅದು ಎರಡನೇ ಸಲವಂತೆ. "ನೀವು ಒಂದು ವಾರ ಹುಷಾರಾಗಿದ್ದರೆ ಸಾಕು. ನಾನು ದಿನಾ ಇದೇ ಮೆಟ್ರೊ ಹತ್ತಬೇಕು" ಎಂದರು. ಪ್ರವಾಸಿ ತಾಣದ ಕಳ್ಳತನವೆಂದರೆ ಪ್ರವಾಸಿಗಳ ಕಷ್ಟ ಎಂದಷ್ಟೇ ನಾನು ತಿಳಿದಿದ್ದೆ. ಆ ಹೆಂಗಸಿನ ಮಾತು ಕೇಳಿದ ಮೇಲೆ ಹಾಗೆ ತಿಳಿಯುವುದು ಸಾಧ್ಯವಾಗಲಿಲ್ಲ.

ಆದದ್ದು ಇಷ್ಟು. ಜನ ತುಂಬಿದ ಮೆಟ್ರೊ. ಬಾಗಿಲು ತೆರೆಯಿತು, ಭಾವ ಇಳಿಯಲು ಹೊರಟರು. ಅವರ ಮುಂದಿದ್ದ ಹುಡುಗಿ ಬಾಗಿಲಲ್ಲೇ ನಿಂತು, ಕೆಳಗೆ ಬಿದ್ದ ಏನನ್ನೋ ಹೆಕ್ಕಲು ಬಗ್ಗಿದಳು. ಭಾವ ನಿಂತರು. ಹಿಂದಿದ್ದವರು ಒತ್ತಿದರು. ಎಡಗಡೆಯಿಂದ ಯಾರೋ "ಸಾರಿ" ಎಂದು ಭುಜ ಮುಟ್ಟಿದರು. ಮುಂದಿದ್ದವಳು ಸರಿದಳು, ಇವರು ಇಳಿದರು, ಬಾಗಿಲು ಮುಚ್ಚಿತು. ಹತ್ತೇ ಸೆಕೆಂಡು. ನಿಲ್ದಾಣದ ಮೆಟ್ಟಿಲು ಹತ್ತುವಾಗ ಚೀಲದ ಜಿಪ್ಪು ತೆರೆದಿರುವುದು ಅಕ್ಕನ ಕಣ್ಣಿಗೆ ಬಿತ್ತು. ಆ ನಿಲ್ದಾಣಗಳಲ್ಲಿ ಜೇಬುಗಳ್ಳರ ಬಗ್ಗೆ ಎಚ್ಚರಿಕೆಯನ್ನು ಧ್ವನಿವರ್ಧಕದಲ್ಲಿ ಹೇಳುತ್ತಲೇ ಇರುತ್ತಾರೆ. ಶಿರಸಿಯ ಮಾರಿಕಾಂಬೆ ಜಾತ್ರೆಯಲ್ಲಿ "ಒಡವೆ, ಮಕ್ಕಳು ಜೋಪಾನ" ಎಂದು ಮೈಕಿನಲ್ಲಿ ಕೂಗುವುದನ್ನು ಕೇಳಿದವರಿಗೆ ಇದು ಹೊಸದೇನಲ್ಲ. ಎಚ್ಚರಿಕೆ ಕೇಳಿದ ಕೂಡಲೇ ಮನುಷ್ಯ ತನ್ನ ದುಡ್ಡಿರುವ ಜಾಗವನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಾನೆ. ಎಲ್ಲಿ ಕೈ ಹಾಕಬೇಕೆಂದು ಕಾದು ನಿಂತವನಿಗೆ ಅಷ್ಟು ಸಾಕು.

ಸ್ಪೇನಿನ ಮಾತಿನಲ್ಲಿ ಇವರನ್ನು 'ಕಾರ್ತೆರಿಸ್ತಾ' ಎನ್ನುತ್ತಾರೆ. 'ಕಾರ್ತೆರಾ' ಎಂದರೆ ಪರ್ಸು. ಪರ್ಸು ಎಗರಿಸುವುದೂ ಒಂದು ಕಸುಬು ಎಂಬಂತೆ ಹುಟ್ಟಿದ ಪದ. ಈ ಕಸುಬಿನಲ್ಲಿ ಒಬ್ಬನೇ ಕೆಲಸ ಮಾಡುವುದು ಕಡಿಮೆ. ಒಬ್ಬ ತಡೆಯುತ್ತಾನೆ, ಒಬ್ಬ ಮರೆ ಮಾಡುತ್ತಾನೆ, ಒಬ್ಬ ತೆಗೆಯುತ್ತಾನೆ, ತೆಗೆದದ್ದನ್ನು ಮರುಕ್ಷಣವೇ ಇನ್ನೊಬ್ಬನಿಗೆ ದಾಟಿಸುತ್ತಾನೆ. ಹಿಡಿದು ಜೇಬು ತಡಕಿದರೆ ಅವನ ಬಳಿ ಏನೂ ಇರುವುದಿಲ್ಲ. ಚಹಾ ಅಂಗಡಿಯ ಮೇಜಿನ ಮೇಲೆ ಮೊಬೈಲ್ ಇಟ್ಟಿದ್ದರೆ, ನಕ್ಷೆಯೊಂದನ್ನು ಅದರ ಮೇಲೆ ಹರಡಿ ದಾರಿ ಕೇಳುತ್ತಾರೆ. ನಕ್ಷೆ ಎತ್ತಿಕೊಂಡು ಹೋಗುವಾಗ ಮೊಬೈಲೂ ಹೋಗುತ್ತದೆ. ಬೆನ್ನ ಮೇಲೆ ಹಕ್ಕಿ ಹಿಕ್ಕೆ ಹಾಕಿದಂಥ ಕಲೆ ಮಾಡಿ, "ಅಯ್ಯೋ, ಒರೆಸಿಕೊಡ್ತೀನಿ" ಎಂದು ಬರುವವರಿದ್ದಾರೆ. ರಾತ್ರಿ ಕುಡಿದು ತೂರಾಡುತ್ತ ಬರುವ ಹುಡುಗರನ್ನು ತಬ್ಬಿಕೊಂಡು, ಕಾಲಿಗೆ ಕಾಲು ತೊಡರಿಸಿ, ಫುಟ್‌ಬಾಲ್ ಆಡುವಂತೆ ನಟಿಸುತ್ತಲೇ ಜೇಬು ಖಾಲಿ ಮಾಡುವ ವಿದ್ಯೆಯೂ ಉಂಟು. ಅದಕ್ಕೆ ರೊನಾಲ್ಡಿನ್ಯೊ ಎಂದೇ ಹೆಸರು. 2003ರಿಂದ 2008ರವರೆಗೆ ಬಾರ್ಸೆಲೋನಾ ತಂಡಕ್ಕೆ ಆಡಿದ ಬ್ರೆಜಿಲ್ ಆಟಗಾರನ ಹೆಸರು ಇಲ್ಲಿ ಹೀಗೂ ಉಳಿದಿದೆ.

ಕಳ್ಳರ ಈ ಕೈಚಳಕವನ್ನು ವರ್ಣಿಸುವ ಬರಹಗಳು ಬೇಕಾದಷ್ಟಿವೆ. ಹೆಚ್ಚಿನವು ಅದನ್ನೊಂದು ಕಲೆಯ ಹಾಗೆ ನೋಡಿ ಬೆರಗುಪಡುತ್ತವೆ. ಹೊರಕೋಣೆಯಲ್ಲಿ ತಲೆ ತಗ್ಗಿಸಿ ಕೂತ ಭಾವನನ್ನು ಕಂಡಮೇಲೆ ನನಗೆ ಆ ಬೆರಗು ಉಳಿದಿಲ್ಲ. ನನಗೆ ಮುಖ್ಯವೆನಿಸಿದ್ದು ಬೇರೆಯೇ ಪ್ರಶ್ನೆ. ಇಷ್ಟೊಂದು ಪೊಲೀಸರು, ಇಷ್ಟೊಂದು ಕ್ಯಾಮೆರಾ, ಇಷ್ಟೊಂದು ಎಚ್ಚರಿಕೆ ಇರುವ ಶ್ರೀಮಂತ ಊರಿನಲ್ಲಿ ಅದೇ ಜಾಗಗಳಲ್ಲಿ, ಎಷ್ಟೋ ಸಲ ಅದೇ ಮುಖಗಳು, ವರ್ಷಗಟ್ಟಲೆ ಅದೇ ಕೆಲಸ ಮಾಡುತ್ತಿರುವುದು ಹೇಗೆ?

ಮೊದಲು ಜಾಗ. ಪ್ಲಾಸಾ ದೆ ಕಾತಲುನ್ಯಾ ಎಂಬ ದೊಡ್ಡ ಚೌಕದಿಂದ ಬಂದರಿನ ಹತ್ತಿರದ ಕೊಲಂಬಸ್ ಕಂಬದವರೆಗೆ ಸುಮಾರು 1.2 ಕಿಲೋಮೀಟರ್ ಉದ್ದದ ರಸ್ತೆ, ರಾಂಬ್ಲಾ. ನಡುವೆ ಮರಗಳ ಸಾಲು, ನಡೆಯುವವರಿಗೆ ಅಗಲವಾದ ಹಾದಿ. ಒಂದು ಪಕ್ಕಕ್ಕೆ ಬೊಕೆರಿಯಾ ಮಾರುಕಟ್ಟೆ. ಬಲಕ್ಕೆ ರವಾಲ್, ಎಡಕ್ಕೆ ಗಾಥಿಕ್ ಬಡಾವಣೆಯ ಸಂದುಗಳು. ಒಬ್ಬ ಓಡಿಹೋದರೆ ಮೂರು ತಿರುವಿನಲ್ಲಿ ಮಾಯವಾಗಬಹುದು. 1992ರ ಒಲಿಂಪಿಕ್ಸ್‌ಗೆ ಮುಂಚೆ ವರ್ಷಕ್ಕೆ ಇಪ್ಪತ್ತು ಲಕ್ಷ ಪ್ರವಾಸಿಗಳೂ ಬಂದು ತಂಗದ ಊರಿದು. ಕ್ರೀಡಾಕೂಟಕ್ಕೆಂದು ಕಾರ್ಖಾನೆಗಳ ಹಿಂದೆ ಮುಚ್ಚಿಹೋಗಿದ್ದ ಕಡಲತೀರವನ್ನು ತೆರೆದರು, ಮರಳು ತಂದು ಸುರಿದರು, ಜಗತ್ತೇ ಬಂತು. ಹದಿನಾರು ಹದಿನೇಳು ಲಕ್ಷ ಜನರ ಊರಿಗೆ ಈಗ ವರ್ಷಕ್ಕೆ ಒಂದು ಕೋಟಿಗೂ ಮೀರಿ ಪ್ರವಾಸಿಗಳು ಬಂದು ತಂಗುತ್ತಾರೆ. 2011ರಲ್ಲಿ ಬಂದ 'ಜಿಂದಗಿ ನಾ ಮಿಲೇಗಿ ದೊಬಾರಾ' ಸಿನಿಮಾ ನೋಡಿದ ಮೇಲೆ ಭಾರತೀಯರೂ ಸ್ಪೇನಿನ ಹಾದಿ ಹಿಡಿದರು. ಭಾವನ ಮಗಳು ಅಪ್ಪ ಅಮ್ಮನಿಗೆ ಟಿಕೆಟ್ ತೆಗೆಸಿಕೊಟ್ಟಿದ್ದೂ ಆ ಸಿನಿಮಾದ ನೆನಪಿನಲ್ಲೇ.

ಇಲ್ಲಿ ದಾಖಲಾಗುವ ಅಪರಾಧಗಳಲ್ಲಿ ಸುಮಾರು ಅರ್ಧದಷ್ಟು ಹೀಗೆ ಮೈಗೆ ಗಾಯವಾಗದ ಕಳ್ಳತನಗಳೇ. ಕೊಲೆ ಕಡಿಮೆ. ಆ ದೃಷ್ಟಿಯಿಂದ ಜಗತ್ತಿನ ಎಷ್ಟೋ ಮಹಾನಗರಗಳಿಗಿಂತ ಬಾರ್ಸೆಲೋನಾ ಸುರಕ್ಷಿತ ಊರು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಜೇಬುಗಳ್ಳತನದ ಸುದ್ದಿ ಓದಿದವರು ಅಲ್ಲಿ ಹಾದಿಬೀದಿಯಲ್ಲಿ ಚೂರಿ ಹಾಕುತ್ತಾರೆಂದು ಹೆದರಿ ಕೂರುವುದುಂಟು.

ಈಗ ಕಾನೂನು. ಸ್ಪೇನಿನ ಕಾನೂನು ಕಳವನ್ನು ಎರಡಾಗಿ ನೋಡುತ್ತದೆ. ಬಲಪ್ರಯೋಗವಿಲ್ಲದೆ ಕದ್ದರೆ 'ಉರ್ತೊ'. ಹೊಡೆದು ಬಡಿದು, ಬೆದರಿಸಿ ಕಿತ್ತುಕೊಂಡರೆ 'ರೋಬೊ'. ಎರಡನೆಯದಕ್ಕೆ ಎರಡರಿಂದ ಐದು ವರ್ಷ ಜೈಲು, ಕದ್ದದ್ದು ಹತ್ತು ಯೂರೋ ಆದರೂ ಅಷ್ಟೇ. ಮೊದಲನೆಯದರಲ್ಲಿ ಒಂದು ಗೆರೆ ಇದೆ: 400 ಯೂರೋ. ಅದಕ್ಕಿಂತ ಹೆಚ್ಚಿನ ಮಾಲಾದರೆ ಆರರಿಂದ ಹದಿನೆಂಟು ತಿಂಗಳ ಜೈಲು. ಅದರೊಳಗಿದ್ದರೆ ಸಣ್ಣ ಅಪರಾಧ, ಒಂದರಿಂದ ಮೂರು ತಿಂಗಳ ದಂಡ ಮಾತ್ರ. ತಿಂಗಳ ದಂಡ ಎಂಬುದು ನಮಗೆ ವಿಚಿತ್ರವಾಗಿ ಕೇಳುತ್ತದೆ. ಅಲ್ಲಿ ದಂಡವನ್ನು ದಿನದ ಲೆಕ್ಕದಲ್ಲಿ ಹಾಕುತ್ತಾರೆ. ದಿನಕ್ಕೆ ಎರಡು ಯೂರೋದಿಂದ ನಾನೂರು ಯೂರೋವರೆಗೆ, ಆ ಮನುಷ್ಯನ ಗಳಿಕೆ ನೋಡಿ ನ್ಯಾಯಾಧೀಶರು ಗೊತ್ತು ಮಾಡುತ್ತಾರೆ. ಬಡವನಿಗೂ ಸಿರಿವಂತನಿಗೂ ದಂಡ ಒಂದೇ ಭಾರವಾಗಬೇಕು ಎಂಬ ಒಳ್ಳೆಯ ಯೋಚನೆ ಅದರ ಹಿಂದಿದೆ.

ಮುಂದೆ ಭಾರತದ ರಾಯಭಾರ ಕಚೇರಿಗೆಂದು ಮ್ಯಾಡ್ರಿಡ್‌ಗೆ ಹೋಗುವ ರೈಲಿನಲ್ಲಿ ನಾನು ಇದನ್ನೆಲ್ಲ ಓದಿ ಹೇಳಿದಾಗ, ಎರಡು ದಿನದಿಂದ ಮಾತು ನಿಲ್ಲಿಸಿದ್ದ ಭಾವ ತಲೆ ಎತ್ತಿದರು. ಟಿಕೆಟ್ಟಿನ ಹಿಂದೆ ಲೆಕ್ಕ ಹಾಕಿದರು. ಆದಾಯವಿಲ್ಲ ಎನ್ನುವವನಿಗೆ ದಿನಕ್ಕೆ ಮೂರು ಯೂರೋದಂತೆ ಎರಡು ತಿಂಗಳು ದಂಡ ಹಾಕಿದರೆ 180 ಯೂರೋ. ಕಟ್ಟದಿದ್ದರೆ ಎರಡು ದಿನದ ದಂಡಕ್ಕೆ ಒಂದು ದಿನದ ಬಂಧನ. ಸಣ್ಣ ಅಪರಾಧವಾದ್ದರಿಂದ ಅದನ್ನು ಮನೆಯಲ್ಲೇ ಇದ್ದು ಕಳೆಯಲೂ ಅವಕಾಶವಿದೆ. "ಒಂದು ಮೊಬೈಲ್ ಮಾರಿದ್ರೆ ದಂಡ ಹೋಗಿ ಮಿಕ್ಕುತ್ತಲ್ಲಯ್ಯಾ" ಎಂದರು. ಅವರ ದನಿಯಲ್ಲಿ ಮೊದಲ ಬಾರಿ ನಾಚಿಕೆಯ ಜಾಗದಲ್ಲಿ ಸಿಟ್ಟು ಕಂಡಿತು. ನನಗೆ ಸಮಾಧಾನವಾಯಿತು.

ಒಬ್ಬನೇ ನೂರು ಸಲ ಸಿಕ್ಕಿಬಿದ್ದರೆ? ಮತ್ತೆ ಮತ್ತೆ ಅದೇ ಅಪರಾಧ ಮಾಡುವವನನ್ನು ನಮ್ಮ ಪೊಲೀಸರು ಎಂಒಬಿ ಆಸಾಮಿ ಎನ್ನುತ್ತಾರಲ್ಲ, ಅಂಥವರದೇ ಅಲ್ಲಿಯ ದೊಡ್ಡ ತಲೆನೋವು. 2015ರಲ್ಲಿ ಸ್ಪೇನ್ ತನ್ನ ದಂಡ ಸಂಹಿತೆಯನ್ನು ತಿದ್ದಿ, ಮೂರು ಸಲ ಶಿಕ್ಷೆಯಾದವರಿಗೆ ಕಠಿಣ ಜೈಲು ಎಂದು ಬರೆಯಿತು. 2017ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್, ಸಣ್ಣ ಕಳವುಗಳ ಹಳೆಯ ಶಿಕ್ಷೆಗಳನ್ನು ಆ ಮೂರರ ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂದಿತು. ಸಣ್ಣ ಸಣ್ಣ ಕಳವನ್ನೇ ಕಸುಬು ಮಾಡಿಕೊಂಡವರಿಗೆ ಬಾಗಿಲು ಮತ್ತೆ ತೆರೆಯಿತು. 2022ರ ಜುಲೈ ಕೊನೆಯಲ್ಲಿ ಇನ್ನೊಂದು ತಿದ್ದುಪಡಿ ಬಂತು. ಸಣ್ಣ ಕಳವುಗಳಿಗೇ ಆಗಿದ್ದರೂ ಸರಿ, ಹಿಂದೆ ಮೂರು ಶಿಕ್ಷೆಯಾಗಿದ್ದು, ಕದ್ದದ್ದರ ಒಟ್ಟು ಮೊತ್ತ 400 ಯೂರೋ ದಾಟಿದ್ದರೆ ಜೈಲು ವಿಧಿಸಬಹುದು ಎಂದು. ಬಾರ್ಸೆಲೋನಾದ ಅಂಗಡಿಯವರು, ನಿವಾಸಿಗಳು ಬಹುಕಾಲದಿಂದ ಕೇಳುತ್ತಿದ್ದುದೂ ಇದನ್ನೇ.

ಇಲ್ಲಿಗೆ ಮುಗಿಯಿತು ಎಂದುಕೊಳ್ಳುವ ಹಾಗಿಲ್ಲ. ಮೂರು ಶಿಕ್ಷೆ ಆಗಬೇಕಾದರೆ ಮೂರು ವಿಚಾರಣೆ ನಡೆಯಬೇಕು. ವಿಚಾರಣೆಗೆ ದೂರು ಬೇಕು, ಸಾಕ್ಷಿ ಬೇಕು. ಸಾಕ್ಷಿ ಯಾರು? ಕಳೆದುಕೊಂಡವರು. ಅವರೆಲ್ಲಿ? ಸೋಲ್‌ನಲ್ಲಿ, ಲಿಯೋನಿನಲ್ಲಿ, ಹಾಸನದಲ್ಲಿ. ಕ್ರೂಸ್ ಹಡಗಿನಲ್ಲಿ ಬಂದವರು ಸಂಜೆಗೇ ಹೊರಟುಹೋಗಿರುತ್ತಾರೆ. ಇನ್ನೂರು ಯೂರೋ ಹೋದವರು ರಜೆಯ ಅರ್ಧ ದಿನ ಠಾಣೆಯಲ್ಲಿ ಯಾಕೆ ಕಳೆಯಬೇಕೆಂದು ಸುಮ್ಮನಾಗುತ್ತಾರೆ. ದೂರು ಕೊಟ್ಟವರೂ ವಿಚಾರಣೆಯ ದಿನ ಊರಲ್ಲಿರುವುದಿಲ್ಲ. ಹೇಳುವವರೇ ಇಲ್ಲದ ಮೇಲೆ ಎಷ್ಟೋ ಪ್ರಕರಣಗಳು ಬಿದ್ದುಹೋಗುತ್ತವೆ. ಜೇಬುಗಳ್ಳನಿಗೆ ಬೆರಳಿನ ಚುರುಕಿಗಿಂತ ದೊಡ್ಡ ಬಲ ನಮ್ಮ ಮರುಪ್ರಯಾಣದ ಟಿಕೆಟ್. ಪ್ರವಾಸಿಯನ್ನೇ ಆರಿಸಿಕೊಳ್ಳಲು ಅವನ ಬಳಿ ನಗದು ಹೆಚ್ಚಿರುತ್ತದೆ ಎಂಬುದಷ್ಟೇ ಕಾರಣವಲ್ಲ. ಅವನು ಮರಳಿ ಬಾರದ ಸಾಕ್ಷಿ.

ಸ್ಪೇನಿನ ಕ್ರಿಮಿನಲ್ ವಿಚಾರಣಾ ಕಾನೂನಿನಲ್ಲಿ ಇದಕ್ಕೊಂದು ದಾರಿ ಇದೆ. ಸಾಕ್ಷಿ ದೂರದೂರಿನವನಾಗಿದ್ದು ವಿಚಾರಣೆಗೆ ಬರಲಾರನೆಂದು ಕಂಡರೆ, ಅವನ ಹೇಳಿಕೆಯನ್ನು ಮೊದಲೇ ನ್ಯಾಯಾಧೀಶರ ಮುಂದೆ, ಆರೋಪಿಯ ವಕೀಲರಿಗೂ ಪ್ರಶ್ನಿಸಲು ಅವಕಾಶ ಕೊಟ್ಟು, ದಾಖಲಿಸಿಕೊಳ್ಳಬಹುದು. ಆರೋಪಿ ಕೈಗೆ ಸಿಕ್ಕಿದ್ದರೆ ಮಾತ್ರ ಇದರಿಂದ ಉಪಯೋಗ, ನಿಜ. ಆದರೆ ಅದಕ್ಕೂ ಮೊದಲು ಕಳೆದುಕೊಂಡವನು ಠಾಣೆಯ ಬಾಗಿಲಿಗೆ ಬಂದಿರಬೇಕು. ಇಂಥದೊಂದು ಅವಕಾಶವಿದೆ ಎಂದು ಆ ಹೊರಕೋಣೆಯಲ್ಲಿ ಕೂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸ್ಪೇನಿನ 400 ಯೂರೋದ ಗೆರೆಯಂಥದೇ ಒಂದು ಗೆರೆ ನಮ್ಮಲ್ಲೂ ಈಗ ಬಂದಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಮೊದಲ ಸಲ ಶಿಕ್ಷೆಗೊಳಗಾಗುವವನು ಕದ್ದ ಮಾಲು ಐದು ಸಾವಿರ ರೂಪಾಯಿಗಿಂತ ಕಡಿಮೆಯಿದ್ದು ಅದನ್ನು ಹಿಂದಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಜೊತೆಗೆ ಕಿತ್ತುಕೊಂಡು ಓಡುವುದನ್ನು 304ನೇ ಕಲಮಿನಲ್ಲಿ ಪ್ರತ್ಯೇಕ ಅಪರಾಧವಾಗಿ ಹೆಸರಿಸಿ ಮೂರು ವರ್ಷದವರೆಗೆ ಜೈಲು ಇಟ್ಟಿದ್ದಾರೆ. ನಮ್ಮ ಕಾನೂನು 'ಮೊದಲ ಸಲ' ಎಂಬ ಮಾತನ್ನು ಶುರುವಿನಲ್ಲೇ ಹಾಕಿಕೊಂಡಿರುವುದು ಸರಿಯಾದ ಕೆಲಸ. ಹಸಿದು ಒಮ್ಮೆ ಕದ್ದವನನ್ನೂ ಅದನ್ನೇ ಕಸುಬು ಮಾಡಿಕೊಂಡವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ನಾವು ಹೋಗಿದ್ದ ಬೇಸಿಗೆ ಬಾರ್ಸೆಲೋನಾಕ್ಕೆ ಕೆಟ್ಟ ಕಾಲ. ಆ ಜೂನ್ ತಿಂಗಳಲ್ಲಿ ದಕ್ಷಿಣ ಕೊರಿಯಾ ಸರಕಾರದ ಹಿರಿಯ ಅಧಿಕಾರಿಯೊಬ್ಬರ ಕೈಚೀಲ ಕಿತ್ತುಕೊಳ್ಳುವ ಜಗ್ಗಾಟದಲ್ಲಿ ಅವರು ನೆಲಕ್ಕೆ ಬಿದ್ದು, ತೀವ್ರ ಪೆಟ್ಟಾಗಿ, ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ನಮ್ಮ ಪಕ್ಕ ಕೂತಿದ್ದ ಕೊರಿಯಾದ ಹುಡುಗಿಯರು ಅಷ್ಟೊಂದು ಅಳುತ್ತಿದ್ದುದು ಯಾಕೆಂದು ಆಮೇಲೆ ಅರ್ಥವಾಯಿತು. ನಾವು ಹೋಗಿ ಬಂದ ಮರುತಿಂಗಳು, ಆಗಸ್ಟ್‌ನಲ್ಲಿ, ಸ್ಪೇನಿನಲ್ಲಿದ್ದ ಅಫ್ಘಾನಿಸ್ತಾನದ ರಾಯಭಾರಿಯ ಮೇಲೇ ಬೀದಿಯಲ್ಲಿ ಹಲ್ಲೆ ಮಾಡಿ ಕೈಗಡಿಯಾರ ಕಿತ್ತುಕೊಂಡರು. ಅದೇ ತಿಂಗಳು ಅಮೆರಿಕದ ದೂತಾವಾಸ, ಊರಿನಲ್ಲಿ ಹಿಂಸೆಯ ಅಪರಾಧ ಹೆಚ್ಚುತ್ತಿದೆ ಎಂದು ತನ್ನ ಪ್ರಜೆಗಳಿಗೆ ಎಚ್ಚರಿಕೆ ಹೊರಡಿಸಿತು. ಜೇಬುಗಳ್ಳತನದಿಂದ ಕಿತ್ತುಕೊಳ್ಳುವುದಕ್ಕೆ, ಅಲ್ಲಿಂದ ಹಿಂದಿನಿಂದ ಬಂದು ಕತ್ತು ಹಿಡಿದು ಕೆಡವುವುದಕ್ಕೆ ದೂರ ಬಹಳವಿಲ್ಲ ಎಂಬುದು ಆ ಬೇಸಿಗೆಯಲ್ಲಿ ಕಂಡಿತು. ದುಬಾರಿ ಗಡಿಯಾರಗಳ ಬೇಟೆಗೆಂದೇ ಬೇರೆ ಗುಂಪುಗಳಿವೆ. ಅವರು ಗಡಿಯಾರ ಕಟ್ಟಿದ ಕೈಯನ್ನು ದೂರದಿಂದಲೇ ಗುರುತು ಹಿಡಿದು ಹೋಟೆಲಿನ ಬಾಗಿಲವರೆಗೂ ಹಿಂಬಾಲಿಸುತ್ತಾರೆ.

ಪೊಲೀಸರು ಸುಮ್ಮನಿದ್ದಾರೆ ಎನ್ನಲಾರೆ. ಅಲ್ಲಿ ಬೀದಿ ಕಾಯುವ ಪೊಲೀಸರು ಮುಖ್ಯವಾಗಿ ಎರಡು ಬಗೆ: ನಗರಸಭೆಯ ಗ್ವಾರ್ದಿಯಾ ಉರ್ಬಾನಾ, ಕ್ಯಾಟಲೋನಿಯಾ ಸರಕಾರದ ಮೊಸ್ಸೊಸ್ ದೆಸ್ಕ್ವಾದ್ರಾ. ಮಫ್ತಿಯಲ್ಲಿ ಮೆಟ್ರೊದೊಳಗೆ ಓಡಾಡುತ್ತಾರೆ, ಹಿಡಿಯುತ್ತಾರೆ, ಹಿಡಿದವನನ್ನು ಮತ್ತೆ ಅದೇ ನಿಲ್ದಾಣದಲ್ಲಿ ನೋಡುತ್ತಾರೆ. ಇದರಿಂದ ರೋಸಿದ ಕೆಲವು ನಾಗರಿಕರು ತಾವೇ ಸೀಟಿ ಹಿಡಿದು ಮೆಟ್ರೊದಲ್ಲಿ ಕಾವಲಿಗಿಳಿದರು. ಪರಿಚಿತ ಕಳ್ಳರನ್ನು ಕಂಡ ಕೂಡಲೇ ಸೀಟಿ ಊದಿ ಜನರನ್ನು ಎಚ್ಚರಿಸುವುದು ಅವರ ಕೆಲಸ. ಇಟಲಿಯ ವೆನಿಸ್‌ನಲ್ಲಿ ಹೆಂಗಸೊಬ್ಬರು "ಹುಷಾರು, ಪಿಕ್‌ಪಾಕೆಟ್!" ಎಂದು ಕೂಗುವ ವಿಡಿಯೊ 2023ರಲ್ಲಿ ಜಗತ್ತೆಲ್ಲ ಹರಿದಾಡಿತು. ಅಂಥವರ ಧೈರ್ಯಕ್ಕೆ ಕೈಮುಗಿಯಬೇಕು. ಆದರೆ ಮುಖ ತೋರಿಸಿ, ಹೆಸರಿಟ್ಟು, ಮೊಬೈಲಿನಲ್ಲಿ ಹಂಚುವ ಹಂತಕ್ಕೆ ಹೋದಾಗ ನನಗೆ ಭಯವಾಗುತ್ತದೆ. ಗುಂಪು ಸಿಟ್ಟಿಗೆದ್ದಾಗ ಮೈಬಣ್ಣವನ್ನೇ ಸಾಕ್ಷಿ ಎಂದುಕೊಳ್ಳುತ್ತದೆ.

ಇದನ್ನು ಓದಿ ಹೇಳುತ್ತಿಲ್ಲ. ದೂರು ಕೊಟ್ಟು ಹೊರಬಿದ್ದ ಸಂಜೆ ನಾವು ಮತ್ತೆ ಮೆಟ್ರೊ ಹತ್ತಿದೆವು. ಭಾವ ಕಂಬ ಹಿಡಿದು ನಿಂತರು. ಬೆಳಗಿನಿಂದ ಊಟವಿಲ್ಲದೆ, ಬೆವರಿ, ಅಂಗಿ ಮುದುಡಿತ್ತು. ಎದುರು ಕೂತಿದ್ದ ಬಿಳಿಯ ಹೆಂಗಸೊಬ್ಬಳು ಅವರ ಮುಖ ನೋಡಿದಳು, ತನ್ನ ಚೀಲವನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡಳು. ಭಾವನಿಗೆ ಅದು ಕಂಡಿತು. ಎರಡು ಹೆಜ್ಜೆ ಹಿಂದೆ ಸರಿದು ಬಾಗಿಲ ಕಡೆ ತಿರುಗಿ ನಿಂತರು. ಅಂದು ಬೆಳಗ್ಗೆ ಪರ್ಸು ಹೋಗಿತ್ತು. ಸಂಜೆ ಹೋದದ್ದನ್ನು ಬರೆಸಲು ದೂರಿನ ಅರ್ಜಿಯಲ್ಲಿ ಜಾಗವಿರಲಿಲ್ಲ.

ರವಾಲ್‌ನಲ್ಲಿ ಪಾಕಿಸ್ತಾನದ, ಬಾಂಗ್ಲಾದ, ಪಂಜಾಬಿನ ಕುಟುಂಬಗಳು ಬಹಳ ಇವೆ. ದಿನಸಿ, ಕ್ಷೌರ, ಮೊಬೈಲ್ ರಿಪೇರಿ, ಸಣ್ಣ ಹೋಟೆಲು ನಡೆಸಿ ಬದುಕುವವರು. ಆ ರಾತ್ರಿ ನಮಗೆ ಚಪಾತಿ ದಾಲ್ ಬಡಿಸಿದ ಲಾಹೋರಿನ ಯಜಮಾನರು ಕಥೆ ಕೇಳಿ ದುಡ್ಡು ತೆಗೆದುಕೊಳ್ಳಲು ಒಪ್ಪಲಿಲ್ಲ. ತಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯೂ ಹೋಗಿತ್ತು ಎಂದರು. ವಲಸಿಗರೇ ಕಳ್ಳರು ಎಂದು ಹೇಳುವ ರಾಜಕೀಯ ಅಲ್ಲೂ ಜೋರಾಗಿದೆ. ಕಳ್ಳತನದಲ್ಲಿ ಸಿಕ್ಕಿಬಿದ್ದ ವಲಸಿಗರ ಲೆಕ್ಕ ಅದಕ್ಕೆ ಗೊತ್ತು. ಕಳ್ಳತನದಿಂದ ನೊಂದ ವಲಸಿಗರ ಲೆಕ್ಕ ಬೇಡ.

ಆ ಹೋಟೆಲಿನಿಂದ ಸ್ವಲ್ಪ ದೂರಕ್ಕೆ ಸಾಂತಾ ಕ್ರೂ ಎಂಬ ಹಳೆಯ ಆಸ್ಪತ್ರೆಯ ಕಟ್ಟಡವಿದೆ, ಈಗ ಅದು ಕ್ಯಾಟಲೋನಿಯಾದ ಗ್ರಂಥಾಲಯ. ಸಗ್ರಾದಾ ಫಮೀಲಿಯಾ ಚರ್ಚನ್ನು ಕಟ್ಟುತ್ತಿದ್ದ ವಾಸ್ತುಶಿಲ್ಪಿ ಆಂತೋನಿ ಗೌದಿ 1926ರ ಜೂನ್ 7ರಂದು ಟ್ರಾಮ್‌ಗೆ ಸಿಕ್ಕಿದರು. ಮಾಸಿದ ಬಟ್ಟೆ, ಜೇಬಿನಲ್ಲಿ ಗುರುತಿನ ಕಾಗದವಿಲ್ಲ. ಭಿಕ್ಷುಕನೆಂದು ತಿಳಿದು ಬಡವರ ಆ ಆಸ್ಪತ್ರೆಗೆ ಸೇರಿಸಿದರು. ಯಾರೆಂದು ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿತ್ತು; ಜೂನ್ 10ಕ್ಕೆ ತೀರಿಕೊಂಡರು. ಇಂದು ಊರಿಗೆ ಕೋಟಿ ಜನ ಬರುವುದು ಅವರು ಕಟ್ಟಿದ್ದನ್ನು ನೋಡಲು. ಪಾಸ್‌ಪೋರ್ಟ್ ಇಲ್ಲದ ಎರಡು ಜೀವಗಳನ್ನು ಕಟ್ಟಿಕೊಂಡು ಆ ಗೋಡೆಯ ಪಕ್ಕ ನಡೆದಾಗ ಈ ಸಂಗತಿ ನನ್ನನ್ನು ಬಿಡಲಿಲ್ಲ. ಕಾಗದವಿಲ್ಲದ ಮನುಷ್ಯನನ್ನು ಊರು ಅವನ ಬಟ್ಟೆಯಿಂದ ಅಳೆಯುತ್ತದೆ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ಪರ್ಸು ಹೋಗುವುದಕ್ಕಿಂತ ದೊಡ್ಡ ಭಯವನ್ನು ಹೊತ್ತು ಅವರು ರಾತ್ರಿ ನಡೆಯುತ್ತಾರೆ. 2018ರಲ್ಲಿ ಬಾರ್ಸೆಲೋನಾ ನಗರಸಭೆ 'ನೊ ಕಾಯೆಮ್' ಎಂಬ ನಿಯಮಾವಳಿ ತಂದಿತು. ಕ್ಯಾಟಲಾನ್ ಭಾಷೆಯಲ್ಲಿ ಹಾಗೆಂದರೆ ನಾವು ಸುಮ್ಮನಿರುವುದಿಲ್ಲ ಎಂದರ್ಥ. ಕ್ಲಬ್ಬು, ಬಾರುಗಳ ಸಿಬ್ಬಂದಿಗೆ ತರಬೇತಿ ಕೊಟ್ಟು, ದೌರ್ಜನ್ಯಕ್ಕೊಳಗಾದವಳನ್ನು ಮೊದಲು ನೋಡಿಕೊಳ್ಳಬೇಕು, ಅವಳ ಮಾತು ಕೇಳಬೇಕು, ಅವಳ ಇಚ್ಛೆಯಂತೆ ನಡೆಯಬೇಕು ಎಂದು ಹೇಳುವ ನಿಯಮ. "ನೀನು ಯಾಕೆ ಬಂದೆ" ಎಂದು ಕೇಳುವುದಕ್ಕೆ ಅದರಲ್ಲಿ ಜಾಗವಿಲ್ಲ.

ನಮ್ಮಲ್ಲಿ ಆ ಪ್ರಶ್ನೆಯೇ ಮೊದಲು ಬರುತ್ತದೆ. 2025ರ ಮಾರ್ಚ್ 6ರ ರಾತ್ರಿ ಹಂಪಿಗೆ ಹತ್ತಿರದ ಸಾಣಾಪುರದ ಬಳಿ, ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕ ನಕ್ಷತ್ರ ನೋಡುತ್ತ ಕೂತಿದ್ದ ಐವರ ಮೇಲೆ ದಾಳಿಯಾಯಿತು. ದುಡ್ಡು ಕೇಳುವುದರಿಂದ ಶುರುವಾದದ್ದು ಇಬ್ಬರು ಹೆಣ್ಣುಮಕ್ಕಳ ಮೇಲಿನ ಅತ್ಯಾಚಾರದಲ್ಲಿ, ಕಾಲುವೆಗೆ ತಳ್ಳಿದ ಮೂವರು ಗಂಡಸರಲ್ಲಿ ಒಬ್ಬನ ಸಾವಿನಲ್ಲಿ ಮುಗಿಯಿತು. ಆ ಇಬ್ಬರಲ್ಲಿ ಒಬ್ಬಾಕೆ ಇಸ್ರೇಲಿನಿಂದ ಬಂದವಳು, ಇನ್ನೊಬ್ಬಾಕೆ ಅಲ್ಲೇ ಹೋಂಸ್ಟೇ ನಡೆಸುತ್ತಿದ್ದವಳು. ಸುದ್ದಿ ಬಂದ ಮರುದಿನ ನಮ್ಮೂರ ಚಹಾದಂಗಡಿಯಲ್ಲಿ ನಾನು ಕೇಳಿದ ಮೊದಲ ಮಾತು, "ಅಷ್ಟು ಹೊತ್ತಲ್ಲಿ ಅಲ್ಲಿಗ್ಯಾಕೆ ಹೋಗಬೇಕಿತ್ತು?" ಜೇಬುಗಳ್ಳತನವನ್ನೂ ಇದನ್ನೂ ಹೋಲಿಸುವುದು ತಪ್ಪು, ಹೋಲಿಸುತ್ತಿಲ್ಲ. ಆದರೆ ಭಾವ ತಲೆ ತಗ್ಗಿಸಿ ಕೂತದ್ದು ಈ ಪ್ರಶ್ನೆಯ ಭಯದಿಂದಲೇ. ಕದ್ದವನಿಗಿಲ್ಲದ ನಾಚಿಕೆಯನ್ನು ಕಳೆದುಕೊಂಡವನ ಮೇಲೆ ಹೊರಿಸಿ ಬಿಟ್ಟಿದ್ದೇವೆ. ಆ ನಾಚಿಕೆಯಿಂದಲೇ ದೂರುಗಳು ದಾಖಲಾಗದೆ ಉಳಿಯುತ್ತವೆ.

ಹೋಗುವವರು ಹೋಗಿ ಬನ್ನಿ. ಬಾರ್ಸೆಲೋನಾ ನೋಡಲೇಬೇಕಾದ ಊರು. ಸಗ್ರಾದಾ ಫಮೀಲಿಯಾದೊಳಗೆ ಸಂಜೆಯ ಬಿಸಿಲು ಬಣ್ಣದ ಗಾಜಿನಿಂದ ಇಳಿಯುವುದನ್ನು ಕಂಡ ಅಕ್ಕ ಇಂದಿಗೂ ಅದನ್ನು ನೆನೆಯುತ್ತಾಳೆ. ನಮ್ಮ ಅಜ್ಜ ಅಜ್ಜಿಯರು ಜಾತ್ರೆಗೆ ಹೋದ ಹಾಗೆ ಹೋಗಿ. ಅಜ್ಜಿ ದುಡ್ಡನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು, ಬೇಕಾದ ಚಿಲ್ಲರೆ ಮಾತ್ರ ಕೈಯಲ್ಲಿ. ಅದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಪಾಸ್‌ಪೋರ್ಟ್ ಮತ್ತು ವೀಸಾದ ನಕಲು ಮಿಂಚಂಚೆಯಲ್ಲಿ ಇರಲಿ, ಇಬ್ಬರು ಹೋದರೆ ಇಬ್ಬರ ದಾಖಲೆ ಒಂದೇ ಚೀಲದಲ್ಲಿ ಬೇಡ; ನಾವು ಮಾಡಿದ ತಪ್ಪು ಅದೇ. ಸ್ಪೇನಿನಲ್ಲಿ ಈಗ ಐವತ್ತು ಯೂರೋವರೆಗೆ ಪಿನ್ ಇಲ್ಲದೆ ಕಾರ್ಡ್ ಮುಟ್ಟಿಸಿ ಹಣ ತೆರಬಹುದು, ಆದ್ದರಿಂದ ಕಾರ್ಡ್ ಹೋದದ್ದು ತಿಳಿದ ಕ್ಷಣವೇ ಬ್ಯಾಂಕಿಗೆ ಹೇಳಿ ನಿಲ್ಲಿಸಬೇಕು. ಕದ್ದ ಮೊಬೈಲನ್ನು ನಮ್ಮ ಸಂಚಾರ್ ಸಾಥಿ ವ್ಯವಸ್ಥೆಯಲ್ಲಿ ತಡೆಹಿಡಿಯಬಹುದಾದರೂ ಅದು ನಡೆಯುವುದು ಭಾರತದ ಜಾಲಗಳಲ್ಲಿ. ಗಡಿಯಾರ, ಬಂಗಾರ ಮನೆಯಲ್ಲೇ ಇರಲಿ. ಯಾರಾದರೂ ಕಿತ್ತುಕೊಳ್ಳಲು ಬಂದರೆ ಬಿಟ್ಟುಬಿಡಿ, ಜಗ್ಗಾಡಬೇಡಿ. ತುರ್ತಿಗೆ 112.

ಪಾಸ್‌ಪೋರ್ಟ್ ಹೋದರೆ ಪೊಲೀಸ್ ದೂರಿನ ಪ್ರತಿ ಇಲ್ಲದೆ ಮುಂದಿನ ಒಂದು ಹೆಜ್ಜೆಯೂ ಇಡಲಾಗದು. ಆ ದೂರಿಗೆ ಅಲ್ಲಿ 'ದೆನುನ್ಸಿಯಾ' ಎನ್ನುತ್ತಾರೆ. ನಾವು ಅದನ್ನು ಹಿಡಿದು ಸುಮಾರು 620 ಕಿಲೋಮೀಟರ್ ದೂರದ ಮ್ಯಾಡ್ರಿಡ್‌ಗೆ ರೈಲಿನಲ್ಲಿ ಹೋದೆವು. ಭಾರತದ ರಾಯಭಾರ ಕಚೇರಿಯಲ್ಲಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಟ್ಟರು. ಅದರಲ್ಲಿ ಒಂದೇ ಸಲ, ಭಾರತಕ್ಕೆ ಮಾತ್ರ ಪ್ರಯಾಣ. ಗ್ರನಾಡಾದ ಅರಮನೆ ನೋಡುವುದು ಬಾಕಿಯೇ ಉಳಿಯಿತು. ಪ್ರವಾಸದ ವಿಮೆಯವರೂ ಮೊದಲು ಕೇಳಿದ್ದು ಅದೇ ದೂರಿನ ಪ್ರತಿಯನ್ನು.

ಭಾವನ ಪರ್ಸು ಸಿಗಲಿಲ್ಲ, ಕದ್ದವರೂ ಸಿಗಲಿಲ್ಲ. ಕ್ಯಾಟಲಾನ್ ಭಾಷೆಯಲ್ಲಿರುವ ಆ ಎರಡು ಹಾಳೆಯ ದೂರನ್ನು ಅವರು ಮನೆಯಲ್ಲಿ ಜೀವವಿಮೆಯ ಕಾಗದಗಳ ಜೊತೆಗಿಟ್ಟಿದ್ದಾರೆ. ಈಚೆಗೆ ಪರಿಚಿತರ ಮಗನೊಬ್ಬ ಪ್ಯಾರಿಸ್‌ನಲ್ಲಿ ಮೊಬೈಲ್ ಕಳೆದುಕೊಂಡು, ಹೋಗಲಿ ಬಿಡು ಎಂದು ವಿಮಾನ ನಿಲ್ದಾಣಕ್ಕೆ ಹೊರಟಿದ್ದನಂತೆ. ಭಾವ ಅವನಿಗೆ ಫೋನ್ ಮಾಡಿ, "ಮೊದಲು ಠಾಣೆಗೆ ಹೋಗು, ಬರೆಸಿ ಬಾ. ನೀನು ಬರೆಸದಿದ್ರೆ ಅವನು ಕದ್ದೇ ಇಲ್ಲ ಅಂತಾಗುತ್ತೆ" ಎಂದರು. ಹುಡುಗ ಹೋಗಿ ಬರೆಸಿ ಬಂದ. ನೀವೂ ಎಲ್ಲೇ ಕಳೆದುಕೊಂಡರೂ, ಎಷ್ಟೇ ಚಿಕ್ಕದಾದರೂ, ದೂರು ಕೊಡದೆ ವಿಮಾನ ಹತ್ತಬೇಡಿ.